ದೊಡ್ಡಪ್ಪನ ಮಳೆ ಲೆಕ್ಕ, ನನ್ನ ಎಕ್ಸ್‌-ರೇ ಲೆಕ್ಕ

ಆಲ್ದೂರಿನ ತೋಟಕ್ಕೆ ಹೋದಾಗಲೆಲ್ಲ ದೊಡ್ಡಪ್ಪನದು ಒಂದೇ ತಮಾಷೆ. "ಏನಮ್ಮ, ನಕ್ಷತ್ರಕ್ಕೆ ಯಾವ ಮೂಳೆ ಮುರಿದಿದೆ ಅಂತ ಎಕ್ಸ್‌-ರೇ ತೆಗೀತೀಯ?"

ಎಕ್ಸ್‌-ರೇ ಅಂದರೆ ನಾವು ಯಂತ್ರದಿಂದ ಬಿಡುವ ಕಿರಣ ಅಂತಲೇ ಎಲ್ಲರೂ ಅಂದುಕೊಂಡಿರುತ್ತಾರೆ. ಗ್ಯಾಲಕ್ಸಿಗಳಿಂದ ಬರುವ ಎಕ್ಸ್‌-ರೇ ಅಧ್ಯಯನ ಮಾಡುವ ನನ್ನ ಕೆಲಸದಲ್ಲಿ ಉಲ್ಟಾ. ಬಿಡುವುದು ಗ್ಯಾಲಕ್ಸಿ, ನಾವು ಸುಮ್ನೆ ಹಿಡಿದುಕೊಳ್ಳುತ್ತೇವೆ. ಮುಳ್ಳಯ್ಯನಗಿರಿಯ ತುದಿಗೆ ಹತ್ತಿದರೂ ಅದು ಸಿಗುವುದಿಲ್ಲ, ಮೇಲಿನ ಗಾಳಿಯೇ ನುಂಗಿಬಿಡುತ್ತದೆ. ಹಾಗಾಗಿ ದೂರದರ್ಶಕವೇ ಬಾಹ್ಯಾಕಾಶಕ್ಕೆ ಹೋಗಬೇಕು. 1999ರಲ್ಲಿ ಹಾರಿದ ಚಂದ್ರಾ, 2015ರಲ್ಲಿ ಇಸ್ರೋ ಕಳಿಸಿದ ಆಸ್ಟ್ರೋಸ್ಯಾಟ್ ಅಂಥವು.

ನನ್ನ ಕಂಪ್ಯೂಟರಿಗೆ ಬರುವುದು ಫೋಟೋ ಅಲ್ಲ, ಪಟ್ಟಿ. ಒಂದು ಸಾಲಿಗೆ ಒಂದು ಫೋಟಾನ್, ಅಂದರೆ ಬೆಳಕಿನ ಒಂದು ಕಣ. ಯಾವಾಗ ಬಂತು, ಎಲ್ಲಿ ಬಿತ್ತು, ಶಕ್ತಿ ಎಷ್ಟು, ಅಷ್ಟೇ. ಸಪ್ತರ್ಷಿ ಮಂಡಲದ ಕಡೆ ಇರುವ ಎಂ101 ಎಂಬ ಸುರುಳಿ ಗ್ಯಾಲಕ್ಸಿಯನ್ನೇ ತೆಗೆದುಕೊಳ್ಳಿ. ದೂರ ಎರಡು ಕೋಟಿ ಜ್ಯೋತಿರ್ವರ್ಷಕ್ಕೂ ಜಾಸ್ತಿ. ಅಲ್ಲಿನ ಮಂಕು ಚುಕ್ಕಿಯೊಂದರಿಂದ ಇಡೀ ದಿನ ಕಾದರೆ ಹತ್ತಿಪ್ಪತ್ತು ಫೋಟಾನ್ ಸಿಗಬಹುದು. ಶೀಟಿನ ಮನೆ ಮೇಲೆ ಹೂಮಳೆಯ ಮೊದಲ ಹನಿಗಳು ಟಪ್, ಟಪ್ ಅಂತ ಬೀಳುತ್ತವಲ್ಲ, ಹಾಗೆ.

ಈ ಚುಕ್ಕಿಗಳಲ್ಲಿ ಹೆಚ್ಚಿನವು ಜೋಡಿಗಳು. ಒಂದು ಸತ್ತ ನಕ್ಷತ್ರ, ಇನ್ನೊಂದು ಬದುಕಿರುವುದು. ಸತ್ತದ್ದು ಕಪ್ಪು ಕುಳಿ ಇರಬಹುದು, ನ್ಯೂಟ್ರಾನ್ ನಕ್ಷತ್ರವೂ ಇರಬಹುದು. ನ್ಯೂಟ್ರಾನ್ ನಕ್ಷತ್ರದ ಅಗಲ ಇಪ್ಪತ್ತು ಕಿಲೋಮೀಟರ್ ಆಸುಪಾಸು, ಹೆಚ್ಚುಕಮ್ಮಿ ಚಿಕ್ಕಮಗಳೂರಿನಿಂದ ಆಲ್ದೂರಿಗೆ ಇರುವಷ್ಟು. ತೂಕ ಮಾತ್ರ ಸೂರ್ಯನಿಗಿಂತ ಜಾಸ್ತಿ! ಅದು ಸಂಗಾತಿಯ ಅನಿಲವನ್ನು ಎಳೆದುಕೊಳ್ಳುತ್ತದೆ. ಸುತ್ತುತ್ತಾ ಒಳಗೆ ಬೀಳುವ ಅನಿಲ ಕಾದು ಕೋಟಿ ಡಿಗ್ರಿ ತಲುಪಿ ಎಕ್ಸ್‌-ರೇ ಕಾರುತ್ತದೆ. ನಕ್ಷತ್ರ ಸ್ಫೋಟದ ಅವಶೇಷಗಳು, ಬಿಸಿ ಅನಿಲದ ಮೋಡಗಳೂ ಹೊಳೆಯುತ್ತವೆ, ಮಂಕಾಗಿ.

ನನಗೆ ಇಷ್ಟವಾಗುವುದು ಅವು ಕೂತಿರುವ ಜಾಗ. ಭಾರೀ ನಕ್ಷತ್ರಗಳಿಗೆ ಆಯಸ್ಸು ಕಮ್ಮಿ. ಹುಟ್ಟಿದ ಸುರುಳಿ ತೋಳು ಬಿಟ್ಟು ದೂರ ಹೋಗುವ ಮೊದಲೇ ಸಾಯುತ್ತವೆ. ಹಾಗಾಗಿ ಸಂಗಾತಿ ಭಾರೀ ನಕ್ಷತ್ರವಾಗಿರುವ ಜೋಡಿಗಳು ತೋಳಿನ ಉದ್ದಕ್ಕೂ ಕಾಣುತ್ತವೆ. ಸಂಗಾತಿ ಚಿಕ್ಕದಾಗಿರುವ ಹಳೇ ಜೋಡಿಗಳು ನಡುವಿನ ಉಬ್ಬಿನಲ್ಲಿ ಜಾಸ್ತಿ. ತೋಳಿನ ಚುಕ್ಕಿ ಎಣಿಸಿದರೆ ಈಚೆಗೆ ಎಷ್ಟು ನಕ್ಷತ್ರ ಹುಟ್ಟಿವೆ ಅನ್ನುವ ಅಂದಾಜು ಸಿಗುತ್ತದೆ. ಸತ್ತವರನ್ನು ಎಣಿಸಿ ಹುಟ್ಟಿದವರ ಲೆಕ್ಕ ಹಾಕೋದು, ವಿಚಿತ್ರ ಅಲ್ವಾ? ಇನ್ನೂ ದೂರದ ಗ್ಯಾಲಕ್ಸಿಗಳಲ್ಲಿ ಚುಕ್ಕಿಗಳು ಬೇರೆಬೇರೆಯಾಗಿ ಕಾಣುವುದಿಲ್ಲ, ಒಟ್ಟು ಬೆಳಕೇ ಗತಿ. ಅಂಥವನ್ನು ಹಿಡಿಯಲು ಚಂದ್ರಾ ಆಕಾಶದ ಒಂದೇ ತುಣುಕನ್ನು ಒಟ್ಟು 70 ಲಕ್ಷ ಸೆಕೆಂಡು ನೋಡಿದೆ, ಅಂದರೆ 81 ದಿನ.

ಶುರುವಿನಲ್ಲಿ ನಾನೊಮ್ಮೆ ಎಡವಿದ್ದೆ. ತೋಳಿನ ಅಂಚಿನಲ್ಲಿ ಒಂದು ಚುಕ್ಕಿ ಚೆನ್ನಾಗಿ ಹೊಳೆಯುತ್ತಿತ್ತು. ಆ ಗ್ಯಾಲಕ್ಸಿಯದೇ ಕಪ್ಪು ಕುಳಿ ಅಂತ ಬರೆದೂಬಿಟ್ಟೆ. ಅದರ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ರೋಹಿತ (ಸ್ಪೆಕ್ಟ್ರಂ) ತೆಗೆಸಿದಾಗ ಗೊತ್ತಾಯಿತು, ಅದು ಎಷ್ಟೋ ಹಿಂದೆ ಇರುವ ಕ್ವೇಸಾರ್, ಅಂದರೆ ಬೇರೊಂದು ಗ್ಯಾಲಕ್ಸಿಯ ನಡುವೆ ದೈತ್ಯ ಕಪ್ಪು ಕುಳಿಯ ಸುತ್ತ ಹೊಳೆಯುವ ಬೆಳಕು. ನಮ್ಮ ನೇರಕ್ಕೆ ಸುಮ್ನೆ ಸಿಕ್ಕಿತ್ತು.

ದೊಡ್ಡಪ್ಪ ದಿನಾ ಬೆಳಿಗ್ಗೆ ಮಳೆಮಾಪಕದ ನೀರು ಅಳೆದು, ಇಷ್ಟು ಸೆಂಟ್ (ಇಂಚಿನ ನೂರನೇ ಒಂದು ಪಾಲು) ಅಂತ ಪುಸ್ತಕದಲ್ಲಿ ಬರೆದಿಡುವವರು. ಮಾಪಕವನ್ನು ಸಿಲ್ವರ್ ಓಕ್ ಕೆಳಗೆ ಇಡಲು ಯಾರನ್ನೂ ಬಿಡುವುದಿಲ್ಲ, ಎಲೆಯಿಂದ ತೊಟ್ಟಿಕ್ಕುವ ನೀರೂ ಸೇರುತ್ತದೆ ಅಂತ. ನನ್ನ ಕಥೆ ಕೇಳಿ ನಕ್ಕರು. "ಹಾಗಾದ್ರೆ ಪಕ್ಕದ ತೋಟದ ಮಳೇನ ನಿನ್ನ ಖಾತೆಗೆ ಬರ್ಕೊಂಡೆ ಅನ್ನು."

ಈಗ ಮೊದಲು ಪಕ್ಕದ ಖಾಲಿ ಆಕಾಶದಲ್ಲಿ ಚುಕ್ಕಿ ಎಣಿಸುತ್ತೇನೆ. ಅಷ್ಟನ್ನು ಕಳೆದ ಮೇಲೆಯೇ ಗ್ಯಾಲಕ್ಸಿಯ ಲೆಕ್ಕ.