ಟ್ರೂಮರ್‌ಲಿಟೆರಾಟೂರ್: ಬಿದ್ದ ಗೋಡೆಗಳ ನಡುವಿನ ಬರಹ

ಎರಡನೇ ಮಹಾಯುದ್ಧ ಮುಗಿದ ಮೇಲೆ ಜರ್ಮನ್ ಸಾಹಿತ್ಯದಲ್ಲಿ ಹುಟ್ಟಿದ ಹೆಸರು ಇದು. 'ಟ್ರೂಮರ್' ಅಂದರೆ ಕುಸಿದ ಕಟ್ಟಡದ ಇಟ್ಟಿಗೆ, ಗಾರೆ, ಕಲ್ಲಿನ ರಾಶಿ. 'ಲಿಟೆರಾಟೂರ್' ಅಂದರೆ ಸಾಹಿತ್ಯ. ಕನ್ನಡದಲ್ಲಿ 'ಭಗ್ನಾವಶೇಷ ಸಾಹಿತ್ಯ' ಅನ್ನಬಹುದೇನೋ. ಆದರೆ ಹಾಗೆಂದ ಕೂಡಲೇ ನಮಗೆ ಹಂಪಿ ನೆನಪಾಗುತ್ತದೆ, ಅಲ್ವಾ? ಇಲ್ಲಿರುವುದು ಮೊನ್ನೆ ಮೊನ್ನೆಯವರೆಗೂ ಒಲೆ ಉರಿಯುತ್ತಿದ್ದ ಮನೆ. ಯುದ್ಧದಿಂದ ವಾಪಸ್ ಬಂದ ಸೈನಿಕನಿಗೆ ಆ ಮನೆಯ ಬಾಗಿಲೇ ಸಿಗುವುದಿಲ್ಲ.

ಬಾಂಬು ಲಂಡನ್ ಮೇಲೂ ಬಿದ್ದಿತ್ತು. ಆದರೂ ಇಂಗ್ಲಿಷ್ ಬರಹ ಬೇರೆ ದಾರಿ ಹಿಡಿಯಿತು. ನನಗೆ ಕಾಣುವ ದೊಡ್ಡ ಕಾರಣ ಭಾಷೆ. ಇಂಗ್ಲಿಷ್ ಕವಿಗೆ ತನ್ನ ನುಡಿಯ ಮೇಲೆ ನಂಬಿಕೆ ಉಳಿದಿತ್ತು. ಜರ್ಮನ್ ಕವಿಗೆ ಅದೂ ಇರಲಿಲ್ಲ. ತಾಯ್ನಾಡು, ವೀರ, ತ್ಯಾಗ ಎಂಬ ಮಾತುಗಳನ್ನೆಲ್ಲ ನಾಜಿಗಳು 12 ವರ್ಷ ಬಳಸಿ ಕೆಡಿಸಿಟ್ಟಿದ್ದರು.

ಎರಡು ಕವಿತೆಗಳನ್ನು ಪಕ್ಕಪಕ್ಕ ಇಟ್ಟರೆ ಇದು ಗೊತ್ತಾಗುತ್ತದೆ. ಇಂಗ್ಲಿಷ್ ಕವಿ ಕೀತ್ ಡಗ್ಲಸ್ ಉತ್ತರ ಆಫ್ರಿಕಾದಲ್ಲಿ ಟ್ಯಾಂಕ್ ಪಡೆಯಲ್ಲಿದ್ದವರು, 1944ರಲ್ಲಿ ಫ್ರಾನ್ಸಿನ ನಾರ್ಮಂಡಿಯಲ್ಲಿ 24ನೇ ವಯಸ್ಸಿಗೇ ಸತ್ತರು. ಅವರ ಒಂದು ಕವಿತೆಗೆ ಹೆಸರೇ ಜರ್ಮನ್: 'ಫೆರ್ಗಿಸ್‌ಮೈನ್‌ನಿಖ್ಟ್', ಅಂದರೆ 'ನನ್ನ ಮರೆಯಬೇಡ'. ಸತ್ತು ಬಿದ್ದ ಶತ್ರು ಸೈನಿಕನ ಹತ್ತಿರ ಅವನ ಹುಡುಗಿಯ ಫೋಟೋ ಸಿಗುತ್ತದೆ, ಅದರ ಮೇಲೆ ಆಕೆ ಬರೆದ ಮಾತು ಅದು. ಪ್ರೇಮಿಯೂ ಕೊಲೆಗಾರನೂ ಒಂದೇ ದೇಹದಲ್ಲಿ ಬೆರೆತಿದ್ದರು ಎನ್ನುತ್ತಾರೆ ಡಗ್ಲಸ್. ಕಣ್ಣೆದುರು ಕೊಳೆಯುವ ಹೆಣವಿದ್ದರೂ ಪ್ರಾಸ, ಲಯ ಅವರ ಕೈಬಿಡಲಿಲ್ಲ.

ಇನ್ನೊಂದು ಕವಿತೆ ಬರೆದ ಜರ್ಮನ್ ಕವಿ ಗುಂಟರ್ ಐಖ್ 1945ರಲ್ಲಿ ಅಮೆರಿಕನ್ನರ ಯುದ್ಧಕೈದಿ ಶಿಬಿರದಲ್ಲಿದ್ದರು. 1947ರಲ್ಲಿ ಅಚ್ಚಾದ ಅವರ 'ಇನ್ವೆಂಟೂರ್' (ಅಂದರೆ ಇರುವ ವಸ್ತುಗಳ ಪಟ್ಟಿ) ಕವಿತೆಯಲ್ಲಿ ಪ್ರಾಸವೇ ಇಲ್ಲ. ಇದು ನನ್ನ ಟೋಪಿ, ಇದು ನನ್ನ ಕೋಟು ಅಂತ ಸುಮ್ನೆ ಲೆಕ್ಕ ಹೇಳುತ್ತಾ ಹೋಗುತ್ತದೆ. ತಗಡಿನ ಡಬ್ಬಿಯೇ ತಟ್ಟೆ, ಅದೇ ಲೋಟ. ಅದರ ಮೇಲೆ ಹೆಸರು ಕೆತ್ತಿದ ಮೊಳೆಯನ್ನು ಬೇರೆಯವರ ಕಣ್ಣಿಗೆ ಬೀಳದಂತೆ ಬಚ್ಚಿಡಬೇಕು. ಎಲ್ಲಕ್ಕಿಂತ ಜಾಸ್ತಿ ಪ್ರೀತಿ ಪೆನ್ಸಿಲ್ಲಿನ ಸೀಸದ ಕಡ್ಡಿಯ ಮೇಲೆ. ರಾತ್ರಿ ಹೊಳೆದ ಸಾಲುಗಳನ್ನು ಹಗಲಲ್ಲಿ ಬರೆದುಕೊಡುವುದು ಅದೇ. ಮತ್ತೆ ಮಾತು ಕಲಿಯುವ ಮಗುವಿನ ಹಾಗೆ ಒಂದೊಂದೇ ವಸ್ತು ಮುಟ್ಟಿ ಹೆಸರು ಹೇಳುವ ಈ ಕವಿತೆ ಓದಿದಾಗೆಲ್ಲ ನನಗೆ ಗಂಟಲು ಕಟ್ಟುತ್ತದೆ.

'ಟ್ರೂಮರ್‌ಲಿಟೆರಾಟೂರ್' ಅನ್ನುವುದನ್ನು ಹಲವರು ಹೀಗಳೆಯಲು ಬಳಸಿದರು. ಜರ್ಮನ್ ಲೇಖಕ ಹೈನ್ರಿಖ್ ಬ್ಯೋಲ್ 1952ರ ಒಂದು ಪ್ರಬಂಧದಲ್ಲಿ ಆ ಹೆಸರನ್ನೇ ಎದೆಯುಬ್ಬಿಸಿ ಒಪ್ಪಿಕೊಂಡರು. ಕಂಡದ್ದನ್ನು ಬರೆದೆವು, ಬರೆಯುವವನಿಗೆ ಬೇಕಾದದ್ದು ಒಳ್ಳೆಯ ಕಣ್ಣು ಎಂಬುದು ಅವರ ವಾದ. ಅಂಥ ಕಣ್ಣಿಗೆ ಉದಾಹರಣೆಯಾಗಿ ಅವರು ನೆನೆದದ್ದು ಒಬ್ಬ ಇಂಗ್ಲಿಷ್ ಲೇಖಕರನ್ನು, ಚಾರ್ಲ್ಸ್ ಡಿಕನ್ಸ್ ಅವರನ್ನು.