ಮೂರು ಆಸ್ಕರ್ ಗೆದ್ದವರು ಹೀರೋ ಯಾಕೆ ಆಗಲಿಲ್ಲ?

ಪ್ರಶ್ನೆ: ಹಳೆಯ ಹಾಲಿವುಡ್ ಸಿನಿಮಾಗಳಲ್ಲಿ ವಾಲ್ಟರ್ ಬ್ರೆನನ್ ಹೆಚ್ಚಾಗಿ ಮುದುಕನಾಗಿಯೇ ಕಾಣುತ್ತಾರೆ. ಮೂರು ಆಸ್ಕರ್ ಬಂದರೂ ಅವರನ್ನು ಯಾಕೆ ಹೀರೋ ಮಾಡಲಿಲ್ಲ?

ಉತ್ತರ: ಮೊದಲು ಅವರ ಹಲ್ಲಿನ ಕತೆ ಹೇಳಬೇಕು. ಬ್ರೆನನ್ ಹುಟ್ಟಿದ್ದು 1894ರಲ್ಲಿ. ಹಾಲಿವುಡ್‌ನಲ್ಲಿ ಎಕ್ಸ್‌ಟ್ರಾ ಆಗಿ ಗುಂಪಿನಲ್ಲಿ ನಿಂತು ಶುರು ಮಾಡಿದವರು. 1932ರಲ್ಲಿ ಒಂದು ಅಪಘಾತದಲ್ಲಿ ಹಲ್ಲುಗಳು ಹೋದವು. ಇನ್ನೊಬ್ಬರಾಗಿದ್ದರೆ ಗಂಟುಮೂಟೆ ಕಟ್ಟುತ್ತಿದ್ದರೇನೋ. ಇವರು ಕಟ್ಟಿಸಿದ ಹಲ್ಲನ್ನೇ ಬಂಡವಾಳ ಮಾಡಿಕೊಂಡರು. ಪಾತ್ರಕ್ಕೆ ಕರೆ ಬಂದರೆ, ಹಲ್ಲು ಹಾಕಿಕೊಂಡು ಬರಲೋ, ತೆಗೆದಿಟ್ಟು ಬರಲೋ ಅಂತ ಕೇಳುತ್ತಿದ್ದರಂತೆ. ತೆಗೆದಿಟ್ಟರೆ ಕೆನ್ನೆ ಒಳಗೆ ಹೋಗಿ, ನಲವತ್ತರ ಮನುಷ್ಯ ಎಪ್ಪತ್ತರ ಅಜ್ಜ. ಆ ಕಾಲದ ಹೀರೋ ಗ್ಯಾರಿ ಕೂಪರ್‌ಗಿಂತ ಇವರು ಬರೀ ಏಳು ವರ್ಷ ದೊಡ್ಡವರು ಅಂದರೆ ನಂಬುವುದು ಕಷ್ಟ, ಅಲ್ವಾ?

ಇನ್ನೊಂದು, ಸ್ಟುಡಿಯೋಗಳ ಲೆಕ್ಕಾಚಾರ. ಆಗ ಬಹುಪಾಲು ನಟರು ಸ್ಟುಡಿಯೋ ನೌಕರರೇ. ಏಳು ವರ್ಷದವರೆಗೆ ಕರಾರು, ವಾರ ವಾರ ಸಂಬಳ, ಕೊಟ್ಟ ಪಾತ್ರ ಮಾಡಬೇಕು. ಬ್ರೆನನ್ ಇದ್ದಿದ್ದು ನಿರ್ಮಾಪಕ ಸ್ಯಾಮ್ಯುಯೆಲ್ ಗೋಲ್ಡ್‌ವಿನ್ ಕೈಕೆಳಗೆ. ಬಿತ್ತನೆ ಕಾಲಕ್ಕೆ ಎತ್ತು ಬಾಡಿಗೆಗೆ ಕೊಟ್ಟ ಹಾಗೆ ನಟರನ್ನು ಬೇರೆ ಕಂಪನಿಗೆ ಕಳಿಸುವ ಪದ್ಧತಿ ಇತ್ತು. ಎರಡನೇ ಆಸ್ಕರ್ ತಂದ 1938ರ ‘ಕೆಂಟಕಿ’ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಅನ್ನುವ ಬೇರೆ ಕಂಪನಿಯದು. ಅಜ್ಜನ ಪಾತ್ರದಲ್ಲಿ ಇಷ್ಟು ಚೆನ್ನಾಗಿ ಓಡುತ್ತಿದ್ದ ನಟನನ್ನು ಹೀರೋ ಮಾಡಿ ನೋಡುವ ದರ್ದು ಯಾರಿಗಿತ್ತು?

ಅಂದಹಾಗೆ, ಪೋಷಕ ನಟರಿಗೆ ಆಸ್ಕರ್ ಕೊಡಲು ಶುರು ಮಾಡಿದ್ದೇ 1936ರ ಸಿನಿಮಾಗಳಿಂದ. ಮೊದಲನೆಯದು ಸಿಕ್ಕಿದ್ದು ಬ್ರೆನನ್‌ಗೇ. ಆಗ ಪೋಷಕರಿಗೆ ಆ ಹೊಂಬಣ್ಣದ ಗೊಂಬೆಯೂ ಇಲ್ಲ, ಬರೀ ಫಲಕ! ಆಸ್ಕರ್ ಆಯ್ಕೆಯಲ್ಲಿ ಎಕ್ಸ್‌ಟ್ರಾಗಳಿಗೂ ಓಟು ಇದ್ದ ಕಾಲ ಅದು. ‘ನಮ್ಮವನು’ ಅಂತ ಅವರೇ ಗೆಲ್ಲಿಸಿದರು ಎನ್ನುವ ಮಾತಿದೆ. ಇರಬಹುದು. ಆದರೆ ಮೂರನೇ ಆಸ್ಕರ್ ತಂದ 1940ರ ‘ದಿ ವೆಸ್ಟರ್ನರ್’ ನೋಡಿ. ಬ್ರೆನನ್ ಮಾಡಿದ ಪಾತ್ರ, ಸುಮ್ನೆ ನೇಣಿಗೆ ಹಾಕಿಸುವ ಜಡ್ಜ್ ರಾಯ್ ಬೀನ್, ನಟಿ ಲಿಲಿ ಲ್ಯಾಂಗ್‌ಟ್ರಿ ಹೆಸರು ಕೇಳಿದರೆ ಕರಗಿ ನೀರಾಗುತ್ತಾನೆ. ಅವನನ್ನು ಕಂಡರೆ ಭಯವೂ ಆಗುತ್ತದೆ, ಪಾಪ ಅಂತಲೂ ಅನಿಸುತ್ತದೆ. ಅಲ್ಲಿ ಹೀರೋ ಕೂಪರ್. ನನಗೆ ನೆನಪಿರುವುದು ಮಾತ್ರ ಬ್ರೆನನ್.

ಕೊನೆಗೆ ಮುಖ್ಯ ಪಾತ್ರವೂ ಬಂತು, ಟಿವಿಯಲ್ಲಿ. 1957ರಲ್ಲಿ ಶುರುವಾದ ‘ದಿ ರಿಯಲ್ ಮೆಕಾಯ್ಸ್’ 1963ರವರೆಗೆ ನಡೆಯಿತು. ಅಲ್ಲೂ ಅಜ್ಜನೇ. ಆದರೆ ಆಗ ಅವರಿಗೆ ವಯಸ್ಸು ನಿಜವಾಗಿಯೂ ಅರವತ್ತು ದಾಟಿತ್ತು.