ಕಡಲೆಕಾಯಿ ತಿನ್ನಿಸಿ ನೋಡೋ ಟೆಸ್ಟು: ಮಗುನ ರೆಡಿ ಮಾಡೋದು ಹೇಗೆ?

ಮಗು ಅಲರ್ಜಿ ಬ್ಲಡ್ ರಿಪೋರ್ಟಲ್ಲಿ ಕಡಲೆಕಾಯಿ ಮುಂದೆ ಪಾಸಿಟಿವ್ ಅಂತ ಬಂತು ಅಂದ್ರೆ ಅವತ್ತಿಂದಲೇ ಮನೇಲಿ ಶೇಂಗಾ ಚಟ್ನಿಪುಡಿ ಡಬ್ಬ ಅಟ್ಟ ಸೇರತ್ತೆ, ಚಿಕ್ಕಿ ಬಂದ್, ಚಿತ್ರಾನ್ನದ ಒಗ್ಗರಣೆಗೆ ಬೀಜ ಹಾಕೋದೂ ಬಂದ್. ಆದ್ರೆ ಆ ರಿಪೋರ್ಟ್ ಹೇಳ್ತಿರೋದು ಇಷ್ಟೇ, ರಕ್ತದಲ್ಲಿ ಕಡಲೆಕಾಯಿ ಪ್ರೋಟೀನನ್ನ ಗುರುತು ಹಿಡಿಯೋ ಐಜಿಇ ಅನ್ನೋ ಆಂಟಿಬಾಡಿ ಇದೆ ಅಂತ. ತಿಂದ್ರೆ ಏನಾಗತ್ತೆ ಅನ್ನೋದು ಅದಕ್ಕೆ ಗೊತ್ತಿಲ್ಲ. ಬೆಂಗಳೂರು ಮೈಸೂರಿನ ದೊಡ್ಡವರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಯೂರೋಪ್ರಿವಾಲ್ ಅನ್ನೋ ಆಹಾರ ಅಲರ್ಜಿ ಅಧ್ಯಯನದಲ್ಲಿ ಶೇ. 26.5ರಷ್ಟು ಜನಕ್ಕೆ ಯಾವುದಾದ್ರೂ ಆಹಾರದ ಮೇಲೆ ಐಜಿಇ ಇತ್ತು, ಆದ್ರೆ ಅಲರ್ಜಿ ಇರೋ ಸಾಧ್ಯತೆ ಕಂಡಿದ್ದು ಬರೀ ಶೇ. 1.2 ಜನರಲ್ಲಿ. ಅಂದ್ರೆ ಐಜಿಇ ಇದ್ದವರಲ್ಲಿ ಬಹಳ ಜನಕ್ಕೆ ಅಲರ್ಜಿ ಕಂಡಿರಲಿಲ್ಲ.

ಇದು ಹೇಗೆ ಅಂದ್ರೆ, ಐಜಿಇ ಹೋಗಿ ಮಾಸ್ಟ್ ಸೆಲ್ ಅನ್ನೋ ಕೋಶಗಳ ಮೇಲೆ ಕೂತಿರತ್ತೆ, ಆಹಾರದ ಪ್ರೋಟೀನ್ ಬಂದು ಅಕ್ಕಪಕ್ಕದ ಐಜಿಇಗಳನ್ನ ಒಟ್ಟಿಗೆ ಹಿಡಿದು ಜೋಡಿಸಿದಾಗ ಮಾತ್ರ ಆ ಕೋಶ ತುರಿಕೆ ದದ್ದು ತರೋ ಹಿಸ್ಟಮಿನ್ ಅನ್ನೋ ರಾಸಾಯನಿಕನ ಹೊರಗೆ ಚೆಲ್ಲೋದು. ಬರೀ ಕೂತಿದ್ರೆ ಏನೂ ಆಗಲ್ಲ. ಎಷ್ಟೋ ಸಲ ಆ ಐಜಿಇ ಬೇರೆ ಯಾವುದಕ್ಕೋ ಹುಟ್ಟಿಕೊಂಡಿರತ್ತೆ, ಜಿರಳೆ ಮತ್ತೆ ಧೂಳಿನ ನುಸಿಯಲ್ಲಿರೋ ಟ್ರೋಪೋಮಯೋಸಿನ್ ಅನ್ನೋ ಪ್ರೋಟೀನ್ ಸೀಗಡಿಯಲ್ಲೂ ಹೆಚ್ಚುಕಮ್ಮಿ ಹಾಗೇ ಇರೋದರಿಂದ ಸೀಗಡಿ ಬಾಯಿಗೇ ಇಡದವರಿಗೂ ಸೀಗಡಿ ಪಾಸಿಟಿವ್ ಬರಬಹುದು. ಹಾಗಾಗಿ ಅನುಮಾನ ಉಳಿದಾಗ ತೀರ್ಮಾನ ಆಗೋದು ಒಂದೇ ದಾರೀಲಿ, ಡಾಕ್ಟರ ಎದುರಿಗೆ ಆ ಆಹಾರ ತಿನ್ನಿಸಿ ನೋಡೋದು. ಓರಲ್ ಫುಡ್ ಚಾಲೆಂಜ್ ಅಂತಾರೆ.

ಒಂದು ಕಡಲೆಕಾಯಿ ಬೀಜದಲ್ಲಿ ಸುಮಾರು 250 ಮಿಲಿಗ್ರಾಂ ಪ್ರೋಟೀನ್ ಇರತ್ತೆ ಅಂತಿಟ್ಟುಕೊಳ್ಳಿ. 2012ರಲ್ಲಿ ಅಮೆರಿಕ ಯುರೋಪಿನ ತಜ್ಞರು ಸೇರಿ ಸೂಚಿಸಿದ ಕ್ರಮದಲ್ಲಿ ಮೊದಲನೇ ಡೋಸ್ 3 ಮಿಲಿಗ್ರಾಂ ಪ್ರೋಟೀನ್, ಅಂದ್ರೆ ಒಂದು ಬೀಜದ ಎಂಬತ್ತನೇ ಒಂದು ಭಾಗ, ಕಣ್ಣಿಗೂ ಸರಿಯಾಗಿ ಕಾಣಲ್ಲ. ಆಮೇಲೆ 10, 30, 100, 300, 1000, ಕೊನೇಲಿ 3000. ಪ್ರತಿ ಡೋಸ್ ಆದಮೇಲೆ ಇಪ್ಪತ್ತು ನಿಮಿಷದ ಹತ್ತಿರ ಕಾಯ್ತಾರೆ, ನಾಡಿ, ಬಿಪಿ, ಉಸಿರು, ಚರ್ಮ ಎಲ್ಲ ನೋಡಿ ಮುಂದಿನದ್ದು ಕೊಡ್ತಾರೆ. ಎಲ್ಲ ಕಡೆ ಇದೇ ಲೆಕ್ಕ ಇರಲ್ಲ, ಕೆಲವರು ಸಣ್ಣ ಮಕ್ಕಳಿಗೆ ಕೊನೇ ಡೋಸ್ ಕಮ್ಮಿ ಇಟ್ಟುಕೊಳ್ತಾರೆ. "ಮನೇಲೇ ಒಂದು ಬೀಜ ಕೊಟ್ಟು ನೋಡಿದ್ರೆ ಆಯ್ತಪ್ಪ, ಇದಕ್ಕೆ ಆಸ್ಪತ್ರೆ ಯಾಕೆ" ಅಂತ ಅಜ್ಜಿ ಹೇಳೇ ಹೇಳ್ತಾರೆ, ಒಂದು ಬೀಜ ಅಂದ್ರೆ ಮೊದಲ ಡೋಸಿನ ಎಂಬತ್ತು ಪಟ್ಟು ಅಂತ ಅವರಿಗೆ ಹೇಳಿ ನೋಡಿ.

ಇನ್ನೊಂದು ವಿಷ್ಯ. ಕಡಲೆಕಾಯಿ ಬೇಯಿಸಿದಾಗ ಅಲರ್ಜಿ ತರೋ ಪ್ರೋಟೀನ್ ಸ್ವಲ್ಪ ನೀರಿಗೆ ಇಳಿದು ಹೋಗತ್ತೆ, ಹುರಿದಾಗ ಉಲ್ಟಾ, ಅಲರ್ಜಿ ತರೋ ಶಕ್ತಿ ಹೆಚ್ಚತ್ತೆ. ಪರಿಷೆಲಿ ಬೇಯಿಸಿದ ಕಡಲೆಕಾಯಿ ತಿಂದು ಏನೂ ಆಗಿಲ್ಲ ಅಂದ್ರೆ ಚಿಕ್ಕಿನೂ ಸೇಫ್ ಅಂತಲ್ಲ. ಅದಕ್ಕೆ ಟೆಸ್ಟಿಗೆ ಯಾವ ರೂಪದಲ್ಲಿ ತರಬೇಕು ಅಂತ ಮೊದಲೇ ಕೇಳಿಕೊಳ್ಳಿ, ಸಾಮಾನ್ಯವಾಗಿ ಹುರಿದು ಪುಡಿ ಮಾಡಿದ್ದು. ಮೊಟ್ಟೆ ಹಾಲಿಗೆ ಬೇರೆ ಲೆಕ್ಕ, ಕೇಕ್ ಥರ ಚೆನ್ನಾಗಿ ಬೇಕ್ ಮಾಡಿದ್ದನ್ನ ತಡ್ಕೊಳ್ಳೋ ಮಕ್ಕಳು ಬಹಳ, ಹಾಗಾಗಿ ಅದರಿಂದಲೇ ಶುರು ಮಾಡೋದುಂಟು.

ಈಗ ನಾನು ಹೇಳಬೇಕಂತಿದ್ದ ಮಾತಿಗೆ ಬರ್ತೀನಿ. ಈ ಟೆಸ್ಟಲ್ಲಿ ಮೆಷಿನ್ ಅಂತ ಯಾವುದೂ ಇಲ್ಲ, ಮಗುವಿನ ಮೈಯೇ ಮೆಷಿನ್. ಮಗು ಹೆದರಿ ಅತ್ತರೆ ಮುಖ ಕೆಂಪಾಗತ್ತೆ, ನಾಡಿ ಏರತ್ತೆ, ಕೆಮ್ಮು ಬರತ್ತೆ, ವಾಂತಿನೂ ಆಗಬಹುದು, ಅಲರ್ಜಿ ಆದ್ರೂ ಇವೇ ತಾನೇ ಕಾಣೋದು? ಬಾಯಿ ಮುಚ್ಕೊಂಡು ಕೂತ್ರಂತೂ ಟೆಸ್ಟೇ ಅರ್ಧಕ್ಕೆ ನಿಲ್ಲತ್ತೆ, ಇಡೀ ದಿನ ಕೂತಿದ್ದೂ ಉತ್ತರ ಸಿಗಲ್ಲ. ಹಾಗಾಗಿ ಮಗುನ ರೆಡಿ ಮಾಡೋದು ಅಂದ್ರೆ ಸುಮ್ನೆ ಸಮಾಧಾನ ಮಾಡೋದು ಅಂದ್ಕೋಬೇಡಿ, ರಿಸಲ್ಟ್ ಸರಿಯಾಗಿ ಬರೋದಕ್ಕೇ ಅದು ಬೇಕು.

ಮಗುವಿನ ಕಡೆಯಿಂದ ಒಂದ್ಸಲ ಯೋಚ್ನೆ ಮಾಡಿ, ಹುಟ್ಟಿದಾಗಿಂದ "ಮುಟ್ಟಬೇಡ, ಮುಟ್ಟಿದ್ರೆ ಉವ್ವಾ ಆಗತ್ತೆ" ಅಂತ ಹೇಳಿಕೊಟ್ಟ ಅಮ್ಮನೇ ಇವತ್ತು ಅದನ್ನ ಸ್ಪೂನಲ್ಲಿ ಹಿಡ್ಕೊಂಡು ಬಾಯಿ ತೆಗಿ ಅಂತಿದಾಳೆ. ಗಲಿಬಿಲಿ ಆಗದೇ ಇರತ್ತಾ? ಒಂದೆರಡು ದಿನ ಮುಂಚೆ ಹೇಳಿದ್ರೆ ಸಾಕು, ತಿಂಗಳ ಮುಂಚೆ ಹೇಳಿದ್ರೆ ಭಯ ಬೆಳೆಯೋಕೆ ಟೈಮ್ ಕೊಟ್ಟ ಹಾಗೆ. "ಡಾಕ್ಟರ್ ಆಂಟಿ ಹತ್ರ ಸ್ವಲ್ಪ ಸ್ವಲ್ಪನೇ ತಿಂತೀಯ ಪುಟ್ಟಿ, ನಿನ್ನ ಮೈಗೆ ಒಪ್ಪತ್ತಾ ಅಂತ ಅವರು ನೋಡ್ತಾರೆ, ತುರಿಕೆ ಗಿರಿಕೆ ಬಂದ್ರೆ ಔಷಧಿ ಅಲ್ಲೇ ಇರತ್ತೆ, ಮನೇಲಿ ಮಾತ್ರ ಇನ್ನೂ ತಿನ್ನೋ ಹಾಗಿಲ್ಲ", ಇಷ್ಟು ಸಾಕು. ಚಾಕಲೇಟ್ ಅಂತ ಸುಳ್ಳು ಹೇಳಿ ತಿನ್ನಿಸಬೇಡಿ, ಒಂದ್ಸಲ ಸಿಕ್ಕಿಬಿದ್ರೆ ಆಮೇಲೆ ನೀವು ಕೊಡೋ ಯಾವುದನ್ನೂ ನಂಬಲ್ಲ. ಪಾಸು ಫೇಲು ಅನ್ನೋ ಮಾತಂತೂ ಬೇಡವೇ ಬೇಡ, ಮೈಮೇಲೆ ದದ್ದು ಎದ್ರೆ ಅದು ಮಗುವಿನ ತಪ್ಪಾ?

ಪುಡಿ ಕಲಸೋದಕ್ಕೆ ಮಗು ಈಗಾಗಲೇ ತಿಂದು ಅರಗಿಸಿಕೊಂಡಿರೋದನ್ನೇ ಆರಿಸಿ, ಕಿವುಚಿದ ಬಾಳೆಹಣ್ಣೋ ರಾಗಿ ಗಂಜಿನೋ, ಅವತ್ತು ಹೊಸದೇನೋ ಕೊಟ್ಟು ದದ್ದು ಬಂದ್ರೆ ಯಾವುದರಿಂದ ಅಂತ ಹೇಳೋದು ಕಷ್ಟ. ಹಾಗಂತ ತುಂಬಾ ಇಷ್ಟದ್ದೂ ಬೇಡ, ವಾಂತಿ ಆದ್ರೆ ಆಮೇಲೆ ಅದನ್ನೇ ದ್ವೇಷ ಮಾಡ್ತಾರೆ. ಟೆಸ್ಟಿಗೆ ಒಯ್ಯೋ ಬಟ್ಟಲು ಸ್ಪೂನಲ್ಲೇ ಬರೀ ಬಾಳೆಹಣ್ಣು ತಿನ್ನಿಸಿ, ಸ್ವಲ್ಪ ಹೊತ್ತು ಕಾಯೋ ಹಾಗೆ ಮಾಡಿ, ಮತ್ತೆ ತಿನ್ನಿಸಿ ಮನೇಲಿ ಆಟದ ಥರ ಅಭ್ಯಾಸ ಮಾಡಿಸಿ.

ನಮ್ಮಕ್ಕನ ಮಗಳ ಟೆಸ್ಟಿಗೆ ನಾನೂ ಹೋಗಿದ್ದೆ, ನಾಲ್ಕು ವರ್ಷ ಅವಳಿಗೆ. 30 ಮಿಲಿಗ್ರಾಂ ಆದಮೇಲೆ "ಅಮ್ಮಾ ಹೊಟ್ಟೆ ನೋವು" ಅಂದಳು. ಅಕ್ಕನ ಮುಖ ಬಿಳಿಚಿಕೊಂಡಿತು, ಅದನ್ನ ನೋಡಿ ಮಗು ಇನ್ನೂ ಮುದುರಿಕೊಂಡಳು. ಡಾಕ್ಟರು ಗಡಿಬಿಡಿ ಮಾಡದೆ ಅಂಗಿ ಎತ್ತಿ ಹೊಟ್ಟೆ ಬೆನ್ನು ನೋಡಿದರು, ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು, ಬಾಯೊಳಗೆ ಟಾರ್ಚ್ ಬಿಟ್ಟು ನೋಡಿ ಮುಂದಿನ ಡೋಸ್ ನಿಲ್ಲಿಸಿ ಕಾದರು. ಸ್ವಲ್ಪ ಹೊತ್ತಿಗೆ ಅವಳು ಎದ್ದು ಹೋಗಿ ಪಕ್ಕದ ಬೆಡ್ಡಿನ ಹುಡುಗನ ಕ್ರೇಯಾನ್ ಕಿತ್ಕೊಳ್ತಿದ್ದಳು! 30ರ ಡೋಸೇ ಮತ್ತೊಂದ್ಸಲ ಕೊಟ್ಟು ನೋಡಿ ಮುಂದುವರಿಸಿದರು. ನಿಜವಾಗಿ ಗಮನಿಸಬೇಕಾದ್ದು ಬೇರೆ ಅಂತ ಅವರು ಆಗ ಹೇಳಿದ್ದು, ಆಡ್ತಿದ್ದ ಮಗು ಇದ್ದಕ್ಕಿದ್ದಂತೆ ಸಪ್ಪಗಾಗಿ ಅಮ್ಮನಿಗೆ ಅಂಟಿಕೊಳ್ಳೋದು, ಕಿವಿ ಮೂಗು ಉಜ್ಜಿಕೊಳ್ಳೋದು, ಗಂಟಲು ಕೆರೆಯೋ ಹಾಗೆ ಪದೇ ಪದೇ ಕೆಮ್ಮೋದು. ನಿಮಿಷಕ್ಕೊಂದ್ಸಲ "ತುರಿಕೆ ಆಗ್ತಿದ್ಯಾ" ಅಂತ ಕೇಳ್ತಾ ಇದ್ರೆ ಯಾವ ಮಗು ಆದ್ರೂ ಹೂಂ ಅನ್ನತ್ತೆ.

ಮೈಯ ತಯಾರಿಲಿ ಎಲ್ಲರೂ ಎಡವೋದು ಶೀತದ ಸಿರಪ್ಪಲ್ಲಿ. ಸೆಟಿರಿಜಿನ್ ಥರದ ಆಂಟಿಹಿಸ್ಟಮಿನ್, ಅಂದ್ರೆ ಹಿಸ್ಟಮಿನ್ ಕೆಲಸ ತಡೆಯೋ ಔಷಧಿನ, ಐದರಿಂದ ಏಳು ದಿನ ಮುಂಚೆ ನಿಲ್ಲಿಸಿ ಅಂತ ಹೇಳಿರ್ತಾರೆ, ನಿಲ್ಲಿಸಿರ್ತೀವಿ, ಆದ್ರೆ ಹಿಂದಿನ ರಾತ್ರಿ ಮೂಗು ಸೋರ್ತು ಅಂತ ಕೊಟ್ಟ ಸಿರಪ್ಪಲ್ಲಿ ಕ್ಲೋರ್‌ಫೆನಿರಮಿನ್ ಇರತ್ತೆ, ಅದೂ ಆಂಟಿಹಿಸ್ಟಮಿನ್ನೇ, ಆಗಬೇಕಾದ ರಿಯಾಕ್ಷನ್ನನ್ನ ಮುಚ್ಚಿಹಾಕತ್ತೆ. ಲೇಬಲ್ ಓದಿ. ಜ್ವರ, ಉಬ್ಬಸ, ಜೋರು ಶೀತ ಇದ್ರೆ ಫೋನ್ ಮಾಡಿ ಡೇಟ್ ಮುಂದೆ ಹಾಕಿಸಿ, ರಜೆ ಹಾಕಿದ್ದು ವೇಸ್ಟ್ ಆಯ್ತು ಅಂತ ಹೋಗಬೇಡಿ, ಮೈ ಸರಿ ಇಲ್ಲದಾಗ ರಿಯಾಕ್ಷನ್ ಜೋರಾಗೋ ಅಪಾಯ ಇರತ್ತೆ. ಅಸ್ತಮಾದ ದಿನನಿತ್ಯದ ಇನ್‌ಹೇಲರ್ ಮಾತ್ರ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಬಟ್ಟೆ ಸಡಿಲವಾಗಿರಲಿ, ಮೈ ನೋಡೋಕೆ ಪದೇ ಪದೇ ಎತ್ತಬೇಕಾಗತ್ತೆ, ಇನ್ನೊಂದು ಜೊತೆನೂ ಬ್ಯಾಗಲ್ಲಿರಲಿ.

ಆಸ್ಪತ್ರೆಲಿ ಒಂದು ಪ್ರಶ್ನೆ ನಾಚ್ಕೊಳ್ಳದೆ ಕೇಳಿ: ಅಲರ್ಜಿ ಜೋರಾದ್ರೆ ಕೊಡೋ ಅಡ್ರಿನಲಿನ್ ಇಂಜೆಕ್ಷನ್ನಿನ ಡೋಸ್ ಮಗುವಿನ ತೂಕಕ್ಕೆ ಲೆಕ್ಕ ಹಾಕಿ ಇಟ್ಟಿದೀರಾ? ಕೆಜಿಗೆ 0.01 ಮಿಲಿಗ್ರಾಂ, ತೊಡೆಯ ಹೊರಭಾಗದ ಸ್ನಾಯುವಿಗೆ. ನಮ್ಮಲ್ಲಿ ಅಲರ್ಜಿ ಅಂದ ತಕ್ಷಣ ಅವಿಲ್ ಅನ್ನೋ ಆಂಟಿಹಿಸ್ಟಮಿನ್ ಇಂಜೆಕ್ಷನ್ ಕೊಡೋ ರೂಢಿ ಇದೆ, ತುರಿಕೆಗೆ ಸರಿ, ಆದ್ರೆ ಉಸಿರು ಕಟ್ತಿರೋವಾಗ ಬಿಪಿ ಇಳೀತಿರೋವಾಗ ಮೊದಲು ಬೇಕಾಗಿರೋದು ಅಡ್ರಿನಲಿನ್. ತಡ ಆದಷ್ಟೂ ಅಪಾಯ ಹೆಚ್ಚು.

ಕೊನೇ ಡೋಸ್ ಆದಮೇಲೂ ಎರಡು ಗಂಟೆ ಕೂರಿಸ್ಕೊಳ್ತಾರೆ, ರಿಯಾಕ್ಷನ್ ಆಗಿದ್ರೆ ಇನ್ನೂ ಜಾಸ್ತಿ, ಯಾಕಂದ್ರೆ ಒಂದ್ಸಲ ಇಳಿದಿದ್ದು ಕೆಲವು ಗಂಟೆ ಬಿಟ್ಟು ಮತ್ತೆ ಏಳಬಹುದು. ಏನೂ ಆಗದೆ ಮುಗೀತು ಅಂದ್ರೆ ಖುಷಿನೇ, ಆದ್ರೆ ಎಷ್ಟೋ ಮನೇಲಿ ಹೆದರಿಕೆಗೆ ಆಮೇಲೂ ಕಡಲೆಕಾಯಿ ಕೊಡೋದೇ ಇಲ್ಲ, ಹಾಗೆ ಬಿಟ್ಟ ಕೆಲವು ಮಕ್ಕಳಿಗೆ ಹೋಗಿದ್ದ ಅಲರ್ಜಿ ವಾಪಸ್ ಬಂದಿದ್ದಿದೆ. ಎಷ್ಟು ಗ್ರಾಂ, ವಾರಕ್ಕೆ ಎಷ್ಟು ಸಲ, ಯಾವ ರೂಪದಲ್ಲಿ ಕೊಡ್ತಾ ಇರಬೇಕು ಅಂತ ಡಾಕ್ಟರ ಹತ್ರ ಚೀಟಿಲಿ ಬರೆಸ್ಕೊಂಡು ಬನ್ನಿ, ರಿಯಾಕ್ಷನ್ ಆಗಿದ್ರೆ ಯಾವ ಡೋಸಲ್ಲಿ ಏನಾಯ್ತು ಅಂತಾನೂ ಅದೇ ಚೀಟಿಲಿರಲಿ, ಅದರ ಒಂದು ಕಾಪಿ ಸ್ಕೂಲಿಗೂ ಕೊಡಿ.